ಎರಡು ಪೋಸ್ಟ್‌ಕಾರ್ಡಿನಷ್ಟು ಸಂದು

ನವೆಂಬರ್ ೩

ಫೋನ್ ಎತ್ತದ ತಮ್ಮನಿಗೆ,

ನಾಲ್ಕು ಸಲ ಬೂತಿನ ಮುಂದೆ ಸಾಲಿನಲ್ಲಿ ನಿಂತು ನಿನಗೆ ಫೋನ್ ಮಾಡಿದೆ. ನಾಲ್ಕು ಸಲವೂ ನಿನ್ನ ಹೆಂಡತಿಯೇ ಎತ್ತಿದಳು. "ಈಗ ತಾನೇ ಹೊರಗೆ ಹೋದ್ರು ಅಕ್ಕಾ" ಅಂದಳು. ಹಿಂದೆ ನಿನ್ನ ಕೆಮ್ಮು ಕೇಳಿಸುತ್ತಿತ್ತು. ಕೆಮ್ಮನ್ನು ಮನೆಯಲ್ಲಿ ಬಿಟ್ಟು ತಾನು ಹೊರಗೆ ಹೋಗುವ ಗಂಡಸನ್ನು ನಾನು ಇದೇ ಮೊದಲು ಕಂಡಿದ್ದು. ನನ್ನ ಮೇಲೆ ಏನು ಸಿಟ್ಟೋ ಗೊತ್ತಿಲ್ಲ. ಇರಲಿ, ಪತ್ರವನ್ನಾದರೂ ಓದುತ್ತೀಯಲ್ಲ.

ವಿಷಯ ಹೀಟರಿನದು. ವ್ಯಾನಿನ ಬೆಂಚಿನ ಕೆಳಗೆ ಇರುವ ಅದರ ಫ್ಯಾನು ಶುರುವಾದರೆ ಸಾಕು, ತಗಡಿನ ಮೇಲೆ ಯಾರೋ ಮರಳು ಎಳೆದ ಹಾಗೆ ಸದ್ದು. ಬೇರೆಯವರ ಮಲಗುವ ವ್ಯಾನಾಗಿದ್ದರೆ ದಿಂಬು ಕಿವಿಗೊತ್ತಿ ಮಲಗಬಹುದಿತ್ತು. ನನ್ನದು ಕಿವಿ ಪರೀಕ್ಷೆಯ ವ್ಯಾನು. ಮಗುವನ್ನು ಒಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣಗೆ ಒಂದು ಸದ್ದು ಬಿಟ್ಟು, "ಕೇಳಿಸಿದ್ರೆ ಗುಂಡಿ ಒತ್ತು" ಅನ್ನಬೇಕು. ಕಳೆದ ವಾರದ ಶಾಲೆಯಲ್ಲಿ ಮೂವತ್ತೊಂದು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳು ಒತ್ತಲೇ ಇಲ್ಲ. ಮುಖ್ಯೋಪಾಧ್ಯಾಯರು ಕಾಗದ ಹಿಡಿದು ಬಂದು, "ಏನಮ್ಮಾ, ನಮ್ಮ ಶಾಲೆಯ ಅರ್ಧ ಮಕ್ಕಳು ಕಿವುಡರಾ?" ಅಂದರು. ಒಬ್ಬ ತಾಯಿ ಗೇಟಿನ ಹತ್ತಿರ ಅತ್ತಳು. ತಪ್ಪು ಮಕ್ಕಳದಲ್ಲ, ಫ್ಯಾನಿನದು ಅಂತ ನನಗೆ ಮಾರನೆಯ ದಿನ ಹೊಳೆಯಿತು. ಈಗ ಅದನ್ನು ಆರಿಸಿಯೇ ಪರೀಕ್ಷೆ ಮಾಡುತ್ತೇನೆ. ಮಕ್ಕಳು ಚಳಿಗೆ ನಡುಗುತ್ತವೆ, ನಡುಗುವ ಬೆರಳು ಸದ್ದಿಲ್ಲದಾಗಲೂ ಗುಂಡಿ ಒತ್ತುತ್ತದೆ.

ನನಗೆ ಸಾಕಾಗಿದೆ ಕಣೋ. ಐವತ್ತೆರಡು ವಯಸ್ಸಿಗೆ ಚೊಂಬಿನಲ್ಲಿ ಮುಖ ತೊಳೆದು, ಶಾಲೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗುವುದು ಸಾಕು. ಬಾಡಿಗೆಗೆ ಒಂದು ಕೋಣೆ, ಗೋಡೆಗೆ ಅಂಟಿಕೊಂಡ ಒಂದು ನಲ್ಲಿ, ಅಷ್ಟಿದ್ದರೆ ಉಳಿದ ಆಯುಸ್ಸು ದಾಟಿಬಿಡುತ್ತೇನೆ. ಆದರೆ ಮಾರುವುದು ಹೇಗೆ? ನಿನ್ನ ಭಾವ ಆಸ್ಪತ್ರೆಯಲ್ಲಿ ಕಡೆಯದಾಗಿ ಮಾತಾಡಿದ್ದು ನಿನ್ನ ಹತ್ತಿರ. "ಗಾಡಿ ಮಾರಬೇಡ ಅಂತ ಅವಳಿಗೆ ಹೇಳು" ಅಂದರಂತೆ. ಆ ಒಂದು ಮಾತಿಗೆ ಮೂರು ಚಳಿಗಾಲ ಕಳೆದಿದ್ದೇನೆ. ನಾಲ್ಕನೆಯದು ನನ್ನಿಂದಾಗುವ ಹಾಗೆ ಕಾಣುವುದಿಲ್ಲ.

ಫ್ಯಾನಿಗೆ ಏನು ಮಾಡಲಿ ಹೇಳು. ಮಾರುವುದಕ್ಕೆ ಏನು ಮಾಡಲಿ ಅಂತಲೂ ಹೇಳು.

ಕಾಲು ಮರಗಟ್ಟಿರುವ ನಿನ್ನ ಅಕ್ಕ


ನವೆಂಬರ್ ೯

ಅಕ್ಕನಿಗೆ,

ಸಿಟ್ಟೇನೂ ಇಲ್ಲ. ವರ್ಕ್‌ಶಾಪಿನಲ್ಲಿ ಕೆಲಸ ಜಾಸ್ತಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಬರೆದರೆ ಎದುರಿಗಿಟ್ಟುಕೊಂಡು ಕೆಲಸ ಮಾಡಬಹುದು. ಪತ್ರವೇ ಒಳ್ಳೆಯದು.

ಆ ಫ್ಯಾನನ್ನು ಸೆಪ್ಟೆಂಬರಿನಲ್ಲಿ ಬಿಚ್ಚಿ ಜೋಡಿಸಿದವನು ನಾನೇ. ಕೊಟ್ಟಾಗ ಒಂದು ಚೂರೂ ಸದ್ದಿರಲಿಲ್ಲ. ನೀನು ಎಲ್ಲೋ ಮಣ್ಣು ದಾರಿಯಲ್ಲಿ ಓಡಿಸಿ ಏನೋ ಒಳಗೆ ಹೊಗಿಸಿಕೊಂಡಿದ್ದೀಯ.

ಮೊದಲು ರೋಗ ಯಾವುದು ಅಂತ ತಿಳಿಯಬೇಕು. ಭಾವನ ಪೆಟ್ಟಿಗೆಯಲ್ಲಿ ಮೊಳ ಉದ್ದದ ಸ್ಕ್ರೂಡ್ರೈವರ್ ಇದೆ. ಬೆಂಚಿನ ಹಲಗೆ ತೆಗೆ. ಬೆಂಕಿ ಹಚ್ಚದೆ ಬರೀ ಗಾಳಿ ಮಾತ್ರ ಬರುವ ಹಾಗೆ ಫ್ಯಾನ್ ಹಾಕು. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತು, ಹಿಡಿಯನ್ನು ನಿನ್ನ ಕಿವಿಯ ಹಿಂದಿನ ಮೂಳೆಗೆ ಒತ್ತು. ಕಿವಿಯೊಳಗಲ್ಲ, ಹಿಂದೆ. ಟಕಟಕ ಅಂದರೆ ಎಲೆಯೋ ಕಡ್ಡಿಯೋ ಸಿಕ್ಕಿದೆ. ಕೀಂಯ್ ಅಂದರೆ ಎಣ್ಣೆ ಒಣಗಿದೆ. ಗರಗರ ಅಂದರೆ ರೆಕ್ಕೆಚಕ್ರ ಡಬ್ಬಿಗೆ ಉಜ್ಜುತ್ತಿದೆ. ಯಾವುದು ಅಂತ ಬರಿ. ಪಕ್ಕದಲ್ಲಿರುವ ಮೊಹರು ಹಾಕಿದ ಭಾಗ ಬೆಂಕಿಯದು, ಅದರ ಒಂದು ತಿರುಪನ್ನೂ ಮುಟ್ಟಬೇಡ. ಅದು ಸೋರಿದರೆ ಹೊಗೆ ಒಳಗೆ ಬರುತ್ತದೆ, ವಾಸನೆಯೂ ಗೊತ್ತಾಗುವುದಿಲ್ಲ.

ಇವಳು ನಿನಗೆ ಕಾಲುಚೀಲ ಹೆಣೆಯುತ್ತಿದ್ದಾಳೆ.

ನಿನ್ನ ತಮ್ಮ, ಕೈ ಮಸಿಯಾಗಿದೆ, ಕಾಗದಕ್ಕೂ ಆಗಿದೆ


ನವೆಂಬರ್ ೧೫

ಮಸಿ ಕೈಯವನಿಗೆ,

ಗರಗರ. ಅನುಮಾನವೇ ಇಲ್ಲ. ಬೆಂಚಿನ ಪಕ್ಕ ಮಂಡಿಯೂರಿ, ಮೂಳೆಗೆ ಸ್ಕ್ರೂಡ್ರೈವರ್ ಒತ್ತಿ ಕೂತಿದ್ದೆ. ಶಾಲೆಯ ಅಡುಗೆಯವಳು ಬಾಗಿಲಲ್ಲಿ ಇಣುಕಿ, "ಟೀಚರೇ, ನಿಮ್ಮ ಕಿವಿ ನೀವೇ ರಿಪೇರಿ ಮಾಡ್ಕೊತಿದ್ದೀರಾ?" ಅಂದಳು. ನಗಲೂ ಆಗಲಿಲ್ಲ, ಸೊಂಟ ಹಿಡಿದುಕೊಂಡಿತ್ತು. ಅವಳೇ ಕೈ ಕೊಟ್ಟು ಎಬ್ಬಿಸಿದಳು.

ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮಣ್ಣು ದಾರಿಯ ತಪ್ಪೇನಿಲ್ಲ. ಸೆಪ್ಟೆಂಬರಿನಲ್ಲಿ ನಿನ್ನ ಅಂಗಳದಿಂದ ಹೊರಟಾಗಲೇ ಈ ಸದ್ದು ಇತ್ತು. ನೀನು ಫ್ಯಾನ್ ಹಾಕಿ ತೋರಿಸಿ, "ನೋಡಕ್ಕಾ, ಬೆಕ್ಕಿನ ಹೆಜ್ಜೆ ಹಾಗಿದೆ" ಅಂದೆ. ನಿನ್ನ ಹೆಂಡತಿ ನಿನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಡೀ ದಿನ ಅದರ ಮುಂದೆ ಬಗ್ಗಿದ್ದವನಿಗೆ ಸರಿಯಾಗಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಓಡುತ್ತಾ ಓಡುತ್ತಾ ಸರಿಹೋಗಬಹುದು ಅಂದುಕೊಂಡೆ. ಮೊದಲೆಲ್ಲ ನೀನು ರಸ್ತೆಯಲ್ಲಿ ಹೋಗುವ ಲಾರಿಯ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತಿದ್ದವನು. ನನ್ನ ಕೆಲಸ ಅಂದರೆ ನಿನಗೆ ಈಗ ಹಗುರವಾಯಿತೇನೋ ಅನ್ನಿಸಿ ಮನಸ್ಸಿಗೆ ನೋವಾಯಿತು.

ಮಾರುವ ವಿಷಯಕ್ಕೆ ನೀನು ಒಂದಕ್ಷರ ಬರೆದಿಲ್ಲ. ಬೇಡದ್ದನ್ನು ಕೇಳಿದಾಗ ನಿನಗೆ ಬರುವ ಆ ಜಾಣಕಿವುಡು ಸಣ್ಣವನಿದ್ದಾಗಿನಿಂದ ನನಗೆ ಗೊತ್ತು. ತಾಲ್ಲೂಕಿನ ಆಫೀಸಿನವರು ತಿಂಗಳ ಕೊನೆಗೆ ವ್ಯಾನು ನೋಡಲು ಬರುತ್ತಾರೆ. ಒಳಗೆ ಸದ್ದಿದ್ದರೆ ಈ ವರ್ಷ ನನ್ನ ಸುತ್ತು ನಿಲ್ಲಿಸುತ್ತಾರಂತೆ. ಆಗ ಕೆಲಸವಿಲ್ಲದ ಗಾಡಿಯನ್ನು ನಾನು ಯಾವ ಅಂಗಳದಲ್ಲಿ ನಿಲ್ಲಿಸಿ ಕೂರಲಿ? ನಿನ್ನ ಭಾವ ಮತ್ತೇನಾದರೂ ಹೇಳಿದರಾ? ಮಾರಬೇಡ ಅಂದರೆ ಎಷ್ಟು ದಿನ ಅಂತ? ಸರಿಯಾಗಿ ನೆನಪು ಮಾಡಿಕೊ.

ನಿನ್ನ ಅಕ್ಕ


ನವೆಂಬರ್ ೨೧

ಅಕ್ಕನಿಗೆ,

ಸದ್ದಿದ್ದರೆ ಅವತ್ತೇ ಬಾಯಿ ಬಿಟ್ಟು ಹೇಳಬಹುದಿತ್ತು. ಹೊರಗಿನವರ ಹಾಗೆ ಸುಮ್ಮನೆ ಹೋಗಿ, ಎರಡು ತಿಂಗಳಾದ ಮೇಲೆ ಕಾಗದದಲ್ಲಿ ಬರೆಯುವುದು ಯಾವ ನ್ಯಾಯ? ನಿನ್ನ ಕೆಲಸ ನಾನು ಹಗುರ ಮಾಡಿಲ್ಲ. ಆ ದಿನ ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಗರಗರ ಅಂದರೆ ತಪ್ಪು ನನ್ನದೇ. ರೆಕ್ಕೆಚಕ್ರವನ್ನು ಮೋಟಾರಿನ ಕಡ್ಡಿಯ ಮೇಲೆ ತೀರಾ ಒಳಗೆ ನೂಕಿದ್ದೇನೆ, ಅದು ಹಿಂದಿನ ತಗಡಿಗೆ ತಾಗುತ್ತಿದೆ. ಗ್ಯಾಸು ಮುಚ್ಚು, ಬ್ಯಾಟರಿಯ ತಂತಿ ಬಿಚ್ಚು. ಮೋಟಾರಿಗೆ ನಾಲ್ಕು ತಿರುಪು, ತೆಗೆದು ಬಟ್ಟಲಲ್ಲಿ ಹಾಕು, ಮಡಿಲಲ್ಲಿ ಬೇಡ, ಎದ್ದರೆ ಹೋದವು. ಚಕ್ರವನ್ನು ಎರಡೂ ಕೈಯ ಹೆಬ್ಬೆರಳಿನಿಂದ ಸಮವಾಗಿ ಮೇಲಕ್ಕೆಳೆ. ಒಂದು ಕಡೆಯಿಂದ ಮೀಟಿದರೆ ಸೊಟ್ಟಗಾಗುತ್ತದೆ, ಆಮೇಲೆ ದೇವರೇ ಬಂದರೂ ಸರಿಯಾಗುವುದಿಲ್ಲ. ಚಕ್ರಕ್ಕೂ ತಗಡಿಗೂ ಮಧ್ಯೆ ಎರಡು ಪೋಸ್ಟ್‌ಕಾರ್ಡು ಒಟ್ಟಿಗೆ ತೂರಬೇಕು, ಮೂರನೆಯದು ತೂರಬಾರದು. ಕಡ್ಡಿಯ ಬುಡಕ್ಕೆ ಹೊಲಿಗೆಯಂತ್ರದ ಎಣ್ಣೆ ಒಂದೇ ಹನಿ. ನೀನು ಧಾರಾಳಿ, ಅದಕ್ಕೆ ಹೇಳುತ್ತಿದ್ದೇನೆ, ಒಂದೇ ಹನಿ. ಬೆರಳಿನಿಂದ ತಿರುಗಿಸಿದರೆ ತಾನಾಗಿ ನಾಲ್ಕೈದು ಸುತ್ತು ಹೋಗಬೇಕು.

ಮುಗಿದ ಮೇಲೆ ಮತ್ತೆ ಸ್ಕ್ರೂಡ್ರೈವರ್ ಇಟ್ಟೇ ನೋಡು. ಗಾಳಿಯಲ್ಲಿ ಬರುವ ಸದ್ದನ್ನು ನಂಬಬೇಡ. ನಾನಂತೂ ಅದನ್ನು ನಂಬುವುದು ಬಿಟ್ಟು ನಾಲ್ಕು ವರ್ಷವಾಯಿತು. ಹೊರಗಿನಿಂದ ಎಲ್ಲಾ ಮಂಕು, ಮೂಳೆಗೆ ಇಟ್ಟರೆ ಮಾತ್ರ ಮೊದಲಿನ ಹಾಗೆ ಸ್ಪಷ್ಟ. ಈಗ ವರ್ಕ್‌ಶಾಪಿನಲ್ಲಿ ಎಲ್ಲದಕ್ಕೂ ನನ್ನದು ಅದೇ ಪದ್ಧತಿ. ಆ ಫ್ಯಾನಿಗೆ ಮಾತ್ರ ಸಣ್ಣ ಕೆಲಸ ಅಂತ ಇಟ್ಟು ನೋಡಲಿಲ್ಲ.

ಭಾವ ಹೇಳಿದ್ದು ಹೇಳಿದ್ದೇ. ಅದನ್ನು ಮತ್ತೆ ಮತ್ತೆ ಕೆದಕಬೇಡ.

ತಮ್ಮ


ಡಿಸೆಂಬರ್ ೨

ತಮ್ಮಾ,

ಫ್ಯಾನು ಸರಿಹೋಯಿತು. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ನಿನ್ನ ಕಾಗದವನ್ನು ಬೆಂಚಿಗೆ ಆನಿಸಿಟ್ಟುಕೊಂಡು ಕೂತೆ. ನಿನ್ನ ಹಿಂದಿನ ಪತ್ರಗಳು ಲಕೋಟೆಯವು, ಅದಕ್ಕೆ ಅಂಚೆಮನೆಗೆ ಹೋಗಿ ಮೂರು ಪೋಸ್ಟ್‌ಕಾರ್ಡು ತಂದೆ. ಚಕ್ರ ಮೊದಲು ಅಲುಗಲೇ ಇಲ್ಲ. ನಿನ್ನನ್ನೂ ನಿನ್ನ ವಂಶವನ್ನೂ ಬೈದೆ, ಆಮೇಲೆ ಅದು ನನ್ನದೇ ವಂಶ ಅಂತ ನೆನಪಾಯಿತು. ಕೊನೆಗೆ ಟಕ್ ಅಂತ ಕೂದಲೆಳೆಯಷ್ಟು ಮೇಲೆ ಬಂತು. ಎರಡು ಕಾರ್ಡು ತೂರಿದವು, ಮೂರನೆಯದು ತೂರಲಿಲ್ಲ. ಆಫೀಸಿನವರು ನಿನ್ನೆ ಬಂದರು, ಯಂತ್ರ ಇಟ್ಟು ಅಳೆದರು, ಸಹಿ ಹಾಕಿ ಹೋದರು. ಆ ಹದಿನಾಲ್ಕು ಮಕ್ಕಳನ್ನು ಮತ್ತೆ ಕರೆಸಿದ್ದೆ. ನಿಜವಾಗಿ ಕೇಳಿಸದಿರುವುದು ಇಬ್ಬರಿಗೆ ಮಾತ್ರ. ಗೇಟಿನಲ್ಲಿ ಅತ್ತ ತಾಯಿಯ ಮಗು ಅದರಲ್ಲಿಲ್ಲ.

ಇನ್ನು ಎರಡನೆಯ ವಿಷಯ. ಕೆಲಸವೆಲ್ಲ ಮುಗಿದ ಮೇಲೆ ಬೆಚ್ಚಗೆ ಕೂತು ನಿನ್ನ ಕಾಗದವನ್ನು ಮತ್ತೊಮ್ಮೆ ಓದಿದೆ. "ಹೊರಗಿನಿಂದ ಎಲ್ಲಾ ಮಂಕು, ಮೂಳೆಗೆ ಇಟ್ಟರೆ ಮಾತ್ರ ಮೊದಲಿನ ಹಾಗೆ ಸ್ಪಷ್ಟ." ತಿರುಪು ಬಿಚ್ಚುವಾಗ ಹತ್ತು ಸಲ ಓದಿದ್ದ ಸಾಲು ಅದು. ಹನ್ನೊಂದನೆಯ ಸಲಕ್ಕೆ ಕಾಗದ ಕೆಳಗಿಟ್ಟೆ.

ನೀನು ಫೋನ್ ಎತ್ತುವುದಿಲ್ಲ. ಗರಗರ ಅನ್ನುವ ಫ್ಯಾನನ್ನು ಬೆಕ್ಕಿನ ಹೆಜ್ಜೆ ಅಂದೆ. ಹೋದ ಸಲ ಬಂದಾಗ ನಾನು ಬೆನ್ನ ಹಿಂದಿನಿಂದ ಮೂರು ಸಲ ಊಟಕ್ಕೆ ಕರೆದೆ, ನೀನು ತಿರುಗಲಿಲ್ಲ. ಸೊಕ್ಕು ಅಂದುಕೊಂಡೆ. ಇಪ್ಪತ್ತು ವರ್ಷದಿಂದ ಊರ ಮಕ್ಕಳ ಕಿವಿಯನ್ನೆಲ್ಲ ಅಳೆದಿದ್ದೇನೆ, ನನ್ನ ಜೊತೆ ಹುಟ್ಟಿದವನಿಗೆ ಕೇಳಿಸುತ್ತಿಲ್ಲ ಅನ್ನುವುದು ಒಂದು ಸ್ಕ್ರೂಡ್ರೈವರಿನಿಂದ ತಿಳಿಯಬೇಕಾಯಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ನಾನೇ ಆ ದೀಪ. ಜಾಣಕಿವುಡು ಅಂತ ಬರೆದ ನನ್ನ ಕೈಗೆ ನಾನೇ ಎರಡು ಬಾರಿಸಬೇಕು.

ಈಗ ಅಕ್ಕನಾಗಿ ಅಲ್ಲ, ಕಿವಿ ಟೀಚರಾಗಿ ಹೇಳುತ್ತೇನೆ, ಕೇಳು. ಸದ್ದು ಒಳಗೆ ಹೋಗುವುದಕ್ಕೆ ಎರಡು ದಾರಿ. ಒಂದು ಗಾಳಿಯದು, ಒಂದು ಮೂಳೆಯದು. ಮೂಳೆಯ ದಾರಿ ಸ್ಪಷ್ಟವಾಗಿದೆ ಅಂದರೆ ನಿನ್ನ ಕಿವಿಯ ನರ ಚೆನ್ನಾಗಿದೆ. ನಡುವೆ ಎಲ್ಲೋ ಒಂದು ಬಾಗಿಲು ಅಂಟಿಕೊಂಡಿದೆ, ಅಷ್ಟೇ. ಅಂಟಿಕೊಂಡ ಬಾಗಿಲನ್ನು ಬಿಡಿಸುವ ವೈದ್ಯರಿದ್ದಾರೆ. ನಾನು ಕಳಿಸಿದ ಮಕ್ಕಳು ಎಷ್ಟೋ ಜನ ಸರಿಯಾಗಿ ಬಂದಿದ್ದಾರೆ.

ನಿಜ ಬರಿ. ಎಂದಿನಿಂದ? ಯಾರಿಗೆಲ್ಲ ಗೊತ್ತು?

ಕುರುಡಿಯಾಗಿದ್ದ ನಿನ್ನ ಅಕ್ಕ


ಡಿಸೆಂಬರ್ ೨೭

ಅಕ್ಕಾ,

ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು. ಇವಳು "ಇವತ್ತು ಹಾಕಲಿಲ್ಲ ಅಂದ್ರೆ ನಾನೇ ಬರೀತೀನಿ" ಅಂತ ಕೂಗಿ ಹೇಳಿದ್ದಾಳೆ. ಈಗ ನಮ್ಮ ಮನೆಯಲ್ಲಿ ಎಲ್ಲವನ್ನೂ ಕೂಗಿಯೇ ಹೇಳುವುದು. ಪಕ್ಕದವರು ನಾವು ದಿನಾ ಜಗಳವಾಡುತ್ತೇವೆ ಅಂದುಕೊಂಡಿದ್ದಾರೆ.

ನಾಲ್ಕು ವರ್ಷವಾಯಿತು. ಮೊದಲು ಬಲಕಿವಿ, ಆಮೇಲೆ ಎಡದ್ದು. ಇವಳಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಮೆಕ್ಯಾನಿಕ್ಕಿಗೆ ಕಿವಿ ಹೋಯಿತು ಅಂದರೆ ಗಾಡಿ ಯಾರು ತರುತ್ತಾರೆ? ಗಿರಾಕಿಗಳು ಮಾತಾಡುವಾಗ ಬಾಯಿ ನೋಡಿಕೊಂಡು ತಲೆ ಆಡಿಸುತ್ತೇನೆ. ಗೊತ್ತಾಗದಿದ್ದರೆ "ನಾಳೆ ಬನ್ನಿ" ಅನ್ನುತ್ತೇನೆ. ಅದು ಎಲ್ಲದಕ್ಕೂ ನಡೆಯುತ್ತದೆ. ನೀನು ಕಿವಿ ಟೀಚರು ಅಂತಲೇ ನಿನ್ನಿಂದ ಎಲ್ಲರಿಗಿಂತ ಜಾಸ್ತಿ ದೂರವಿದ್ದೆ. ನಿನ್ನ ಎದುರು ಎರಡು ದಿನ ಕೂತರೆ ಸಿಕ್ಕಿಬೀಳುತ್ತೇನೆ ಅಂತ ಭಯ.

ಇಷ್ಟನ್ನು ಹೇಳುವುದು ಕಷ್ಟವಾಗಿರಲಿಲ್ಲ. ಕಾಗದ ಹರಿದದ್ದು ಮುಂದಿನ ಮಾತಿಗೆ.

ನಾಲ್ಕು ವರ್ಷ ಅಂದೆನಲ್ಲ. ಭಾವ ಹೋಗಿ ಮೂರು.

ಅವತ್ತು ಆಸ್ಪತ್ರೆಯಲ್ಲಿ ಭಾವ ನನ್ನನ್ನು ಹತ್ತಿರ ಕರೆದಾಗ ಅವರ ಬಾಯಿಗೆ ಆಮ್ಲಜನಕದ ಮಾಸ್ಕ್ ಇತ್ತು. ತುಟಿ ಕಾಣಲಿಲ್ಲ. ಅವರು ಏನೋ ಹೇಳಿದರು. ನನಗೆ ಒಂದಕ್ಷರವೂ ಕೇಳಿಸಲಿಲ್ಲ ಅಕ್ಕಾ. "ಇನ್ನೊಂದು ಸಲ ಹೇಳಿ" ಅನ್ನಬಹುದಿತ್ತು. ಅಷ್ಟು ಉಸಿರಿಗೆ ಒದ್ದಾಡುತ್ತಿರುವವರನ್ನು ಮತ್ತೆ ಮಾತಾಡಿಸಲು ಮನಸ್ಸು ಬರಲಿಲ್ಲ. ಅದು ಅರ್ಧ ಸತ್ಯ. ಇನ್ನರ್ಧ, ಪಕ್ಕದಲ್ಲಿ ನರ್ಸ್ ನಿಂತಿದ್ದಳು, ಕಿವುಡ ಅಂತ ಗೊತ್ತಾಗುತ್ತದೆ ಅಂತ ನಾಚಿಕೆಯಾಯಿತು.

ಹೊರಗೆ ಬಂದರೆ ನೀನು ಕಾರಿಡಾರಿನಲ್ಲಿ ನನ್ನ ಅಂಗಿಯ ತೋಳು ಹಿಡಿದೆ. "ಏನಂದ್ರು, ಏನಂದ್ರು" ಅಂತ ನಿನ್ನ ತುಟಿ ಓದಲು ಏನೂ ಕಷ್ಟವಾಗಲಿಲ್ಲ. ಏನೂ ಗೊತ್ತಿಲ್ಲ ಅಂತ ಹೇಗೆ ಹೇಳಲಿ? ಕಿಟಕಿಯಿಂದ ಕೆಳಗೆ ನಿಮ್ಮ ವ್ಯಾನು ನಿಂತಿರುವುದು ಕಾಣುತ್ತಿತ್ತು. ಅದರಲ್ಲಿ ನೀವಿಬ್ಬರೂ ಸುತ್ತಿದ್ದು ನೆನಪಾಯಿತು. ಗಾಡಿ ಮಾರಬೇಡ ಅಂದರು ಅಂದುಬಿಟ್ಟೆ. ನೀನು ಅದನ್ನು ಕೇಳಿ ಅಳುತ್ತಾ ನಕ್ಕೆ. ಒಳ್ಳೆಯದನ್ನೇ ಹೇಳಿದೆ ಅಂದುಕೊಂಡೆ. ಆ ಮಾತು ನಿನ್ನನ್ನು ಮೂರು ವರ್ಷ ಚಳಿಯಲ್ಲಿ ಮಲಗಿಸುತ್ತದೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳುವ ಧೈರ್ಯವಿರಲಿಲ್ಲ.

ಗಾಡಿ ಮಾರು. ಭಾವ ಬೇಡ ಅಂದಿಲ್ಲ. ಬೇಕು ಅಂದರೋ ಏನೋ, ಅದೂ ಗೊತ್ತಿಲ್ಲ.

ನಿನಗೆ ಮುಖ ತೋರಿಸಲಾರದವನು


ಫೆಬ್ರವರಿ ೪

ತಮ್ಮಾ,

ಐದು ವಾರ ಬರೆಯಲಿಲ್ಲ. ಬೇಕಂತಲೇ ಬರೆಯಲಿಲ್ಲ. ನಿನಗೆ ಅಂಚೆಯವನ ದಾರಿ ಕಾಯುವುದು ಹೇಗಿರುತ್ತದೆ ಅಂತ ಗೊತ್ತಾಗಲಿ ಅನ್ನಿಸಿತ್ತು. ನಿನ್ನ ಹೆಂಡತಿ ಕಳಿಸಿದ ಕಾಲುಚೀಲವನ್ನೂ ಹತ್ತು ದಿನ ಹಾಕಿಕೊಳ್ಳಲಿಲ್ಲ, ಪಾಪ ಅವಳೇನು ಮಾಡಿದ್ದಳು.

ಸಿಟ್ಟು ಬಂತು ಕಣೋ. ಅಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ನಿನ್ನ ಭಾವ ಸಾಯುವಾಗ ನನಗೆ ಅಂತ ಒಂದು ಮಾತು ಬಿಟ್ಟುಹೋಗಿದ್ದಾರೆ ಅಂತ ಇದ್ದೆ. ಹೀಟರು ಕೆಟ್ಟಾಗ, ಟೈರು ಕೂತಾಗ, ಮಂಡಿ ಹಿಡಿದಾಗ, ಆ ಮಾತನ್ನೇ ಹಿಡಿದುಕೊಂಡು ಎದ್ದಿದ್ದೇನೆ. ಅದು ನನ್ನ ತಮ್ಮ ಕಿಟಕಿಯ ಹತ್ತಿರ ನಿಂತು ಕಟ್ಟಿದ್ದು ಅಂತ ಓದಿದಾಗ, ಅವರು ಎರಡನೆಯ ಸಲ ಹೋದರು.

ಆಮೇಲೆ ಸಿಟ್ಟು ಇಳಿಯಿತು. ಇಳಿಯಬಾರದು ಅಂತ ಹಿಡಿದುಕೊಂಡಿದ್ದೆ, ಆದರೂ ಇಳಿಯಿತು. ನಾನು ನಿನ್ನ ತೋಳು ಹಿಡಿದು ಹಾಗೆ ಜಗ್ಗದೆ ಇದ್ದಿದ್ದರೆ ನೀನು ಸುಳ್ಳು ಹೇಳುತ್ತಿರಲಿಲ್ಲ. ಏನೂ ಅನ್ನಲಿಲ್ಲ ಅಂತ ಹೇಳಿದ್ದರೆ ನಾನು ನಿನ್ನನ್ನು ಬಿಡುತ್ತಲೂ ಇರಲಿಲ್ಲ. ಇನ್ನೊಂದು ನಿಜ ಹೇಳಲಾ? ಆ ಮಾತು ಅವರದ್ದಲ್ಲ ಅಂತ ನನಗೆ ಒಂದೆರಡು ಸಲ ಅನುಮಾನ ಬಂದಿತ್ತು. ಅವರು ಆ ವ್ಯಾನನ್ನು ದಿನಾ ಬೈಯುತ್ತಿದ್ದರು. "ಮೂಗಿಗಿಂತ ಮೂಗುತಿ ಭಾರ" ಅನ್ನುತ್ತಿದ್ದರು. ನಾನೇ ಆ ಅನುಮಾನವನ್ನು ಒಳಗೆ ತಳ್ಳಿದೆ.

ವ್ಯಾನು ಮಾರಿದೆ. ಊರೂರಿಗೆ ಹೋಗಿ ಕನ್ನಡಕ ಮಾಡಿಕೊಡುವ ಗಂಡ ಹೆಂಡತಿ ತೆಗೆದುಕೊಂಡರು. ಆ ಹೆಂಗಸು ಮೊದಲು ಕೇಳಿದ್ದೇ, "ಹೀಟರ್ ಸದ್ದು ಮಾಡುತ್ತಾ?" ಅಂತ. "ನನ್ನ ತಮ್ಮ ಸರಿಮಾಡಿಸಿದ್ದಾನೆ" ಅಂದೆ. ಮಾರ್ಚಿನಿಂದ ಕಿವಿ ಪರೀಕ್ಷೆಗೆ ಶಾಲೆಗಳಲ್ಲೇ ಒಂದೊಂದು ಕೋಣೆ ಕೊಡುತ್ತಾರಂತೆ. ನನಗೆ ಬಾಡಿಗೆ ಕೋಣೆ ಸಿಕ್ಕಿದೆ. ನಲ್ಲಿ ಇದೆ. ನಿನ್ನೆ ಸುಮ್ಮನೆ ಅದನ್ನು ಬಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದೆ.

ಹತ್ತೊಂಬತ್ತನೆಯ ತಾರೀಕು ನಿನ್ನನ್ನು ಕಿವಿಯ ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಹೆಸರು ಬರೆಸಿ ಆಗಿದೆ. ಹದಿನೆಂಟಕ್ಕೆ ನಿನ್ನ ಮನೆಗೆ ಬರುತ್ತೇನೆ, ಬಾಗಿಲು ಬಡಿದರೆ ನಿನಗೆ ಕೇಳಿಸುವುದಿಲ್ಲ, ಹೊರಗೇ ಕೂತಿರು.

ಅಷ್ಟರೊಳಗೆ ನನಗೊಂದು ಪತ್ರ ಬೇಕು. ಅವತ್ತು ನೀನು ಕೇಳಿದ್ದು ಏನೂ ಇಲ್ಲ, ಸರಿ. ಆದರೆ ನಾನು ಹೊರಗಿದ್ದೆ, ನೀನು ಒಳಗಿದ್ದೆ. ಕಣ್ಣಿಗೆ ಏನೂ ಆಗಿಲ್ಲವಲ್ಲ. ನೋಡಿದ್ದನ್ನು ಬರಿ. ಒಂದು ಮಾತನ್ನೂ ಸೇರಿಸಬೇಡ.

ಅಕ್ಕ


ಫೆಬ್ರವರಿ ೧೦

ಅಕ್ಕಾ,

ಸೇರಿಸುವುದಿಲ್ಲ.

ಭಾವ ಎರಡು ಬೆರಳಿನಿಂದ ನನ್ನನ್ನು ಕರೆದರು. ಬಲಗೈಯಲ್ಲಿ ಸೂಜಿ ಇತ್ತು, ಕರೆದದ್ದು ಎಡಗೈಯಿಂದ. ನಾನು ಬಗ್ಗಿದೆ. ಅವರು ಮಾತಾಡಿದಾಗ ಮಾಸ್ಕಿನ ಒಳಗೆ ಮಂಜು ಕಟ್ಟಿತು, ಹೋಯಿತು, ಮತ್ತೆ ಕಟ್ಟಿತು. ನಾಲ್ಕು ಸಲ. ನಾಲ್ಕನೆಯದು ಚಿಕ್ಕದು. ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ, ಕಿಟಕಿಯನ್ನೂ ನೋಡುತ್ತಿರಲಿಲ್ಲ. ಬಾಗಿಲಿನ ಗಾಜಿನ ಕಡೆ ನೋಡುತ್ತಿದ್ದರು. ಗಾಜಿನ ಆಚೆ ನೀನು ಬೆಂಚಿನ ಮೇಲೆ ಕೂತು ಅವರ ಸ್ವೆಟರನ್ನು ಮಡಚುತ್ತಿದ್ದೆ. ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದೆ.

ಹೇಳಿ ಮುಗಿದ ಮೇಲೆ ನನ್ನ ಕಡೆ ತಿರುಗಿ ಹುಬ್ಬು ಎತ್ತಿದರು. ಗೊತ್ತಾಯಿತಾ ಅಂತ ಕೇಳುವ ಹಾಗೆ. ನಾನು ಹೂಂ ಅಂತ ತಲೆ ಆಡಿಸಿದೆ. ಅವರು ಸಾಲದು ಅನ್ನುವ ಹಾಗೆ ನನ್ನ ಕೈ ಹಿಡಿದುಕೊಂಡು ಇನ್ನೊಂದು ಸಲ ಹುಬ್ಬು ಎತ್ತಿದರು. ಇನ್ನೊಂದು ಸಲ ಹೂಂ ಅಂದೆ. ಆಗ ಕೈ ಬಿಟ್ಟರು. ಕೆಲಸ ಮುಗಿಸಿ ಮನೆಗೆ ಬಂದವರ ಮುಖ ಹೇಗೆ ಸಡಿಲವಾಗುತ್ತದೋ ಹಾಗೆ ಅವರ ಮುಖ ಸಡಿಲವಾಯಿತು. ಕಣ್ಣು ಮುಚ್ಚಿ ಮಲಗಿದರು. ನಾನು ಹೊರಗೆ ಬಂದೆ.

ನೋಡಿದ್ದು ಇಷ್ಟೇ. ಅವರು ನಿನ್ನನ್ನು ನೋಡುತ್ತಾ ನನ್ನಿಂದ ಏನೋ ಮಾತು ತೆಗೆದುಕೊಂಡರು, ನಾನು ಎರಡು ಸಲ ಕೊಟ್ಟೆ. ಏನನ್ನು ಕೊಟ್ಟೆ ಅಂತ ನನಗೆ ಗೊತ್ತಿಲ್ಲ ಅಕ್ಕಾ. ಅದಕ್ಕೇ ಹದಿನೆಂಟಕ್ಕೆ ಬಂದಾಗ ನಿನಗೆ ಏನೇನು ಬೇಕು ಅಂತ ಹೇಳು, ನಿಧಾನವಾಗಿ, ನನ್ನ ಎದುರಿಗೆ ಕೂತು. ಎಲ್ಲವನ್ನೂ ಮಾಡುತ್ತೇನೆ. ಅವರು ಕೇಳಿದ್ದೂ ಅದರಲ್ಲಿ ಎಲ್ಲೋ ಒಂದು ಇದ್ದೇ ಇರುತ್ತದೆ.

ತಮ್ಮ